ಹುದ್ದೆಗೆ ಕಾಯಲಿಲ್ಲ, ತೊಟ್ಟಿ ಹೊತ್ತುಕೊಂಡು ಹೊರಟೆ

ಭೂವಿಜ್ಞಾನ ಕಲಿಸುವ ತರಬೇತಿ ಪಡೆದವರಿಗೆ ಶಾಲೆ ಬಿಟ್ಟರೆ ಗತಿಯಿಲ್ಲ ಎಂದು ನನ್ನೊಂದಿಗೆ ಓದಿದವರೆಲ್ಲ ಹೇಳುತ್ತಿದ್ದರು. ಆರು ವರ್ಷಗಳಿಂದ ನಾನು ವಾರಕ್ಕೆ ಮೂರು ದಿನ ಮಾತ್ರ ಶಾಲೆಗೆ ಹೋಗುತ್ತೇನೆ. ಉಳಿದ ದಿನಗಳು ಸಂಗ್ರಹಾಲಯ, ಅಂತರ್ಜಲ ಸಮೀಕ್ಷೆ ಮತ್ತು ಭೂಕಂಪ ಸುರಕ್ಷತಾ ತರಬೇತಿಗಳಿಗೆ ಹಂಚಿಹೋಗಿವೆ. ಅಂದು ತಲೆಯಾಡಿಸಿದವರೇ ಈಗ ದಾರಿ ಕೇಳುತ್ತಿದ್ದಾರೆ.

ಮೊದಲ ವರ್ಷ ಸುಮಾರು ನಲವತ್ತು ಅರ್ಜಿ ಹಾಕಿದೆ. ಮೂರಕ್ಕೆ ಉತ್ತರ ಬಂತು, ಮೂರೂ ನಿರಾಕರಣೆ. ಎಲ್ಲರ ಬಳಿಯೂ ಇರುವ ಪ್ರಮಾಣಪತ್ರವನ್ನೇ ನಾನೂ ಕಳುಹಿಸಿದ್ದೆ. ನಂತರದ ತಪ್ಪು ಇನ್ನೂ ದುಬಾರಿಯಾಯಿತು. ಎರಡು ತಿಂಗಳ ಸಂಬಳ ಸುರಿದು ಹೊಳೆಯುವ ಖನಿಜಗಳ ಪೆಟ್ಟಿಗೆ ಕೊಂಡೆ. ಗೀರು ಬಿದ್ದೀತೆಂದು ಮಕ್ಕಳ ಕೈಗೆ ಕೊಡಲು ಮನಸ್ಸಾಗಲಿಲ್ಲ. ಯಾವ ಖನಿಜ ಯಾವುದನ್ನು ಗೀರುತ್ತದೆ ಎಂದು ನೋಡಿ ಗಡಸುತನ ಅಳೆಯುವ ಮೋಸ್ ಮಾಪಕವನ್ನು ಗೀರದೆ ಕಲಿಸುವುದು ಹೇಗೆ? ಅರ್ಧ ಬೆಲೆಗೂ ಕಡಿಮೆಗೆ ಮಾರಿದೆ. ಈಗ ಒಡೆದ ಚೂರುಗಳೇ ಸಾಕು: ಉಕ್ಕಿನ ಮೊಳೆ ಕ್ಯಾಲ್ಸೈಟನ್ನು ಗೀರುತ್ತದೆ, ಕ್ವಾರ್ಟ್ಜ್ ಮೇಲೆ ಸೋಲುತ್ತದೆ.

ನನ್ನ ಕೈಹಿಡಿದದ್ದು ಅಂತರ್ಜಲದ ತೊಟ್ಟಿ, ನೆಲದಡಿಯ ನೀರು ಹೇಗೆ ಹರಿಯುತ್ತದೆ ಎಂದು ತೋರಿಸುವ ಪಾರದರ್ಶಕ ಮಾದರಿ. ಜಲ್ಲಿ, ಜೇಡಿ, ಮರಳಿನ ಪದರ, ಬಾವಿಗಳಂತೆ ಎರಡು ಕೊಳವೆ, ಬಣ್ಣದ ನೀರು, ಇಷ್ಟೇ. ಮೊದಲನೆಯದನ್ನು ಇಪ್ಪತ್ತು ಸೆಂಟಿಮೀಟರ್ ಅಗಲದ ಗಾಜಿನಲ್ಲಿ ಮಾಡಿ, ತುಂಬಿದ ಮೇಲೆ ಎತ್ತಲಾಗದೆ ಕೈಬಿಟ್ಟೆ. ನೂರು ಕಿಲೋ ಆಸುಪಾಸು ತೂಗುತ್ತಿತ್ತು. ಎರಡನೆಯದು ಐದು ಸೆಂಟಿಮೀಟರ್ ಅಗಲದ ಅಕ್ರಿಲಿಕ್, ಅಂದಾಜು ಇಪ್ಪತ್ತೈದು ಕಿಲೋ. ಅದರಲ್ಲಿ ನೀರು ತನ್ನನ್ನು ತಡೆಯಬೇಕಾದ ಜೇಡಿ ಪದರವನ್ನು ತಪ್ಪಿಸಿಕೊಂಡು ಅಂಚಿನಗುಂಟ ಇಳಿದುಬಿಡುತ್ತಿತ್ತು. ಆ ಸೋರಿಕೆ ನಿಲ್ಲಿಸಲು ಒಂದು ಚಳಿಗಾಲವೇ ಕಳೆಯಿತು. ಹೇಗೆ ನಿಲ್ಲಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ದಾರಿ.

ಅದನ್ನು ಹೊತ್ತು ಸಮೀಕ್ಷೆಯವರ ಕಚೇರಿಗೆ ಹೋದೆ. ಹುದ್ದೆ ಖಾಲಿ ಇಲ್ಲ ಎಂದರು. ಹುದ್ದೆ ಬೇಡ, ಇಪ್ಪತ್ತು ನಿಮಿಷ ಕೊಡಿ ಎಂದೆ. ಒಂದು ಕೊಳವೆಯಿಂದ ನೀರೆಳೆದಾಗ ಪಕ್ಕದ ಕೊಳವೆಯ ಮಟ್ಟ ಕುಸಿಯಿತು. ಅವರ ಬಳಿ ನಕ್ಷೆಗಳೂ ಅಂಕಿಅಂಶಗಳೂ ರಾಶಿಯಿದ್ದವು, ಆದರೆ ನೆರೆಯವನ ಪಂಪಿನಿಂದ ತನ್ನ ಬಾವಿ ಏಕೆ ಬತ್ತುತ್ತದೆ ಎಂದು ಸಭೆಯಲ್ಲಿ ತೋರಿಸಬಲ್ಲವರು ಇರಲಿಲ್ಲ. ಮುಂದಿನ ವಾರವೇ ಕರೆ ಬಂತು. ಪಾಠ ಕಟ್ಟುವುದನ್ನು ಕಲಿತವರಿಗೆ ಅಲ್ಲಿ ಎಷ್ಟು ಬೆಲೆಯಿದೆ ಎಂಬುದು ನಮ್ಮ ತರಬೇತಿಯಲ್ಲಿ ಯಾರೂ ಹೇಳದ ಮಾತು. ಸಂಗ್ರಹಾಲಯದ ಬಾಗಿಲು ತೆರೆದದ್ದೂ ಇದೇ ತೊಟ್ಟಿಯಿಂದ.

ನಡುವೆ ಸ್ಲಿಂಕಿ ಎಂಬ ಆಟಿಕೆಯ ಸ್ಪ್ರಿಂಗ್, ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದ ಭೂಕಂಪಮಾಪಕವನ್ನೂ ಕಟ್ಟಿದೆ. ಐದು ತಿಂಗಳು ಲಾರಿಗಳನ್ನೂ ಬಾಗಿಲು ಬಡಿಯುವುದನ್ನೂ ಅಷ್ಟೇ ದಾಖಲಿಸಿತು. ನೆಲಮಾಳಿಗೆಗೆ ಇಳಿಸಿದ ಮೇಲೆ ಒಂದು ರಾತ್ರಿ ನಿಜವಾದ ಕಂಪನ ಸಿಕ್ಕಿತು. ಭೂಕಂಪದಿಂದ ಮೊದಲು ತಲುಪುವ ಪಿ ಅಲೆ ಮತ್ತು ಅದರ ಹಿಂದೆ ಬರುವ ಎಸ್ ಅಲೆಯ ನಡುವೆ ಮೂವತ್ತು ಸೆಕೆಂಡಿನಷ್ಟು ಅಂತರ; ಅಂತರದ ಪ್ರತಿ ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರ್ ಲೆಕ್ಕದಲ್ಲಿ ಗುಣಿಸಿ ಭೂಕಂಪ 240 ಕಿಲೋಮೀಟರ್ ದೂರದಲ್ಲಿ ಎಂದು ಬರೆದಿಟ್ಟೆ. ಬೆಳಿಗ್ಗೆ ಅಧಿಕೃತ ಅಂಕಿ ಅದರ ಹತ್ತಿರವೇ ಇತ್ತು. ಆ ಗೆರೆ ಮೂಡಿದ ಕಾಗದವನ್ನು ತೋರಿಸಿಯೇ ಸುರಕ್ಷತಾ ತರಬೇತಿಯ ಕೆಲಸ ಪಡೆದೆ.

ಹಣದ ವಿಷಯ. ಮೊದಲ ಹನ್ನೊಂದೋ ಹನ್ನೆರಡೋ ಪ್ರದರ್ಶನಗಳನ್ನು ಉಚಿತವಾಗಿ ಮಾಡಿದೆ. ಅಷ್ಟು ಬೇಕಿರಲಿಲ್ಲ, ಮೂರು ಸಾಕಿತ್ತು. ಈಗ ದಿನ ಗೊತ್ತುಪಡಿಸುವಾಗಲೇ ಅರ್ಧ ಶುಲ್ಕ ಪಡೆಯುತ್ತೇನೆ. ಮೊದಲ ವರ್ಷದ ಗಳಿಕೆ ಪೂರ್ಣಾವಧಿ ಶಿಕ್ಷಕರ ಸಂಬಳದ ಮುಕ್ಕಾಲು ಭಾಗವೂ ಇರಲಿಲ್ಲ. ಮೂರನೆಯ ವರ್ಷ ಸಮವಾಯಿತು, ಈಗ ಒಂದೂವರೆ ಪಟ್ಟು. ಶಾಲೆಯ ಮೂರು ದಿನಗಳನ್ನು ಮಾತ್ರ ಬಿಡಲಾರೆ. ಹೊಸ ಪಾಠ ಎಲ್ಲಿ ಎಡವುತ್ತದೆ ಎಂದು ಮೊದಲು ತೋರಿಸುವವರು ಮಕ್ಕಳೇ.

ಈ ವರ್ಷ ಇಬ್ಬರು ತರಬೇತಿ ವಿದ್ಯಾರ್ಥಿಗಳು ನನ್ನೊಂದಿಗೆ ಬರುತ್ತಿದ್ದಾರೆ. ನಕ್ಷೆಯ ತಂತ್ರಾಂಶದಲ್ಲಿ ಒಬ್ಬಳ ಕೈ ನನಗಿಂತ ಚುರುಕು. ಅವಳ ತೊಟ್ಟಿ ಇನ್ನೂ ಅಂಚಿನಲ್ಲಿ ಸೋರುತ್ತಿದೆ.