ಗೋಧಿ ಬಿಟ್ಟವರ ಬೆಳಗಿನ ತಿಂಡಿ

ಗೋಧಿ ತಿನ್ನಬಾರದು ಅಂತಾದಾಗ ಮನೆಯವರಿಗೆ ಮೊದಲು ಕಾಡುವುದು ಬೆಳಗಿನ ತಿಂಡಿ. ಬ್ರೆಡ್ಡು ಹೋಯಿತು, ಬಿಸ್ಕತ್ತು ಹೋಯಿತು. ರವೆ, ಮೈದಾ, ಶಾವಿಗೆ ಸಾಮಾನ್ಯವಾಗಿ ಗೋಧಿಯದ್ದೇ, ಹಾಗಾಗಿ ಅವೂ ಹೋದವು. ಆದರೂ ಗಾಬರಿ ಬೇಡ. ಅಕ್ಕಿ, ಜೋಳ, ರಾಗಿ, ಸಜ್ಜೆ, ಕಡಲೆ ಹಿಟ್ಟು ಇಷ್ಟಿದ್ದರೆ ವಾರವಿಡೀ ಬೇರೆ ಬೇರೆ ತಿಂಡಿ ಮಾಡಬಹುದು. ಗೋಧಿ ಹಿಟ್ಟನ್ನು ಕಲಸುವ ರೀತಿಯಲ್ಲೇ ಇವನ್ನೂ ಕಲಸಬಾರದು, ಅಷ್ಟೇ.

ಗೋಧಿಯಲ್ಲಿ ಗ್ಲುಟೆನ್ ಅನ್ನುವ ಅಂಟಿನಂಥ ಪ್ರೋಟೀನ್ ಇದೆ. ತಣ್ಣೀರಲ್ಲಿ ನಾದಿದರೂ ಹಿಟ್ಟು ಎಳೆದಷ್ಟು ಬರುವುದು ಅದರಿಂದಲೇ. ಅಕ್ಕಿಗೂ ಜೋಳಕ್ಕೂ ಆ ಅಂಟಿಲ್ಲ. ಬಿಸಿನೀರು ಬಿದ್ದಾಗ ಅವುಗಳಲ್ಲಿರುವ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ಅಕ್ಕಿ ರೊಟ್ಟಿ ಮಾಡುವುದಾದರೆ, ಒಂದು ಕಪ್ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ಚೆನ್ನಾಗಿ ಮರಳುವಾಗ ಒಂದು ಕಪ್ ಅಕ್ಕಿ ಹಿಟ್ಟು ಸುರಿದು, ಉರಿ ಆರಿಸಿ, ತಿರುವಿ ಮುಚ್ಚಿಡಿ. ಹತ್ತು ನಿಮಿಷ ಅದರ ಪಾಡಿಗೆ ಬಿಡಿ. ಆಮೇಲೆ ಕೈ ಒದ್ದೆ ಮಾಡಿಕೊಂಡು, ಬಿಸಿ ತಡೆಯುವ ಹದದಲ್ಲಿ ಚೆನ್ನಾಗಿ ನಾದಿ. ಸಣ್ಣ ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಬಿರಿದರೆ ನೀರು ಸಾಲದು, ಒಂದೊಂದೇ ಚಮಚ ಬಿಸಿನೀರು ಸೇರಿಸಿ. ಅಂಚು ನಯವಾಗಿ ನಿಂತರೆ ರೊಟ್ಟಿ ಹರಿಯುವುದಿಲ್ಲ. ಹಿಟ್ಟು ಹಳೆಯದಾದಷ್ಟೂ ನೀರು ಜಾಸ್ತಿ ಕುಡಿಯುತ್ತದೆ. ಅದಕ್ಕೇ ಅಳತೆಗಿಂತ ಕೈಯನ್ನು ನಂಬಿ ಅನ್ನುತ್ತೇನೆ.

ನಾದುವಷ್ಟು ಹೊತ್ತಿಲ್ಲದ ದಿನ ಕಡಲೆ ಹಿಟ್ಟು ತೆಗೆದುಕೊಳ್ಳಿ. ನೀರು, ಉಪ್ಪು, ಹೆಚ್ಚಿದ ತರಕಾರಿ ಸೇರಿಸಿ ಹುಯ್ಯುವ ಹದಕ್ಕೆ ಕಲಸಿ ಇಪ್ಪತ್ತು ನಿಮಿಷ ಇಡಿ. ಸುಮ್ನೆ ಹೇಳುತ್ತಿಲ್ಲ, ನೆನೆಯದ ಹಿಟ್ಟು ಹಲ್ಲಿಗೆ ಮರಳು ಮರಳಾಗಿ ಸಿಗುತ್ತದೆ. ಕಾವಲಿಯ ಮೇಲೆ ಹುಯ್ದ ಮೇಲೆ ಮೇಲ್ಮೈ ಹಸಿ ಆರುವವರೆಗೂ ಮಗುಚಬೇಡಿ. ಸಿಹಿ ದೋಸೆಗೆ ಮೊಟ್ಟೆ ಬೇಡವೆಂದರೆ, ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿ ಸೇರಿಸಿ, ಹಿಟ್ಟನ್ನು ಅದು ಹಿಡಿದಿಡುತ್ತದೆ.

ದಿನವೂ ಬರೀ ಬಿಳಿ ಅಕ್ಕಿ ಹಿಟ್ಟಿನ ತಿಂಡಿ ಮಾತ್ರ ಬೇಡ. ಅದರಲ್ಲಿ ನಾರು ಕಮ್ಮಿ, ಬೇಗ ಹಸಿವಾಗುತ್ತದೆ. ರಾಗಿಯನ್ನೋ ಸಜ್ಜೆಯನ್ನೋ ಬೆರೆಸಿ, ಪಕ್ಕಕ್ಕೆ ಮೊಟ್ಟೆ, ಮೊಸರು, ಬೇಯಿಸಿದ ಕಾಳು ಏನಾದರೂ ಇರಲಿ. ಸಜ್ಜೆ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಬೀಸಿಸಿ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಇಟ್ಟರೆ ಕಹಿಯಾಗುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಸೀಲಿಯಾಕ್ ಕಾಯಿಲೆ, ಅಂದರೆ ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ, ಇರುವವರಿಗೆ ಗೋಧಿ ಬಿಟ್ಟರೆ ಸಾಲದು, ಗ್ಲುಟೆನ್ ಇರುವ ಬಾರ್ಲಿ ಮತ್ತು ರೈ ಅನ್ನುವ ಧಾನ್ಯ ಕೂಡ ಆಗದು. ಓಟ್ಸ್ ಗಿರಣಿಯಲ್ಲೇ ಗೋಧಿಯ ಜೊತೆ ಬೆರೆತಿರಬಹುದು, ಹಾಗಾಗಿ ಗ್ಲುಟೆನ್ ಇಲ್ಲ ಅಂತ ಬರೆದಿರುವ ಪೊಟ್ಟಣವನ್ನೇ ನೋಡಿ ತನ್ನಿ. ಅದು ಕೂಡ ಕೆಲವರಿಗೆ ಒಗ್ಗುವುದಿಲ್ಲ, ವೈದ್ಯರನ್ನು ಕೇಳಿಯೇ ಶುರು ಮಾಡಿ. ಪುಡಿ ಇಂಗಿಗೆ, ಸೋಯಾ ಸಾಸಿಗೆ ಗೋಧಿ ಸೇರಿಸಿರುವುದು ಉಂಟು, ಹಿಂದಿನ ಸಣ್ಣ ಅಕ್ಷರ ಓದಿ. ಜರಡಿ, ಲಟ್ಟಣಿಗೆ, ಟೋಸ್ಟರ್ ಅವರಿಗೆ ಬೇರೆಯೇ ಇರಲಿ. ಜರಡಿಯ ಕಣ್ಣಿನಲ್ಲಿ ಕೂತ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ ಅಲ್ವಾ? ಕಾಯಿಲೆ ಇದೆಯೋ ಇಲ್ಲವೋ ಅನ್ನುವ ಅನುಮಾನದಲ್ಲಿದ್ದರೆ, ಗೋಧಿ ಬಿಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ತಪ್ಪು ಬರಬಹುದು.

ಬೆಳಿಗ್ಗೆ ಎದ್ದು ಓಡುವವರು ರಜೆಯ ದಿನವೇ ಹತ್ತು ರೊಟ್ಟಿ ಸುಟ್ಟು, ಆರಿದ ಮೇಲೆ ಮಧ್ಯೆ ಮಧ್ಯೆ ಕಾಗದ ಇಟ್ಟು ಫ್ರೀಜರಿನಲ್ಲಿಡಿ. ಫ್ರಿಜ್ಜಿನ ಕೆಳಗಡೆ ಇಟ್ಟರೆ ಬೇಗ ಬಿರುಸಾಗುತ್ತವೆ. ಬೇಕಾದಾಗ ಒಂದು ತೆಗೆದು, ಎರಡೂ ಬದಿಗೆ ನೀರು ಚಿಮುಕಿಸಿ, ಕಾದ ಕಾವಲಿಯ ಮೇಲಿಟ್ಟು ಒಂದು ನಿಮಿಷ ಮುಚ್ಚಿ. ಮೆತ್ತಗಾದ ಕೂಡಲೇ ತಟ್ಟೆಗೆ ಹಾಕಿ ತಿನ್ನಲು ಕೊಡಿ.