ಕಂಪನಿಗೆ ಸೇರುವ ಮುನ್ನ, ಸೇರಿದ ಮೇಲೆ: ಮಂಡ್ಯ–ಮೈಸೂರು ಸೀಮೆಯ ಯುವಕರಿಗೊಂದು ಕೈಪಿಡಿ

ಸೇನೆಗೆ ಸೇರುವ ತಯಾರಿಯೆಂದರೆ ನಮ್ಮ ಕಡೆಯ ಬಹುತೇಕ ಯುವಕರ ಮನಸ್ಸಿನಲ್ಲಿರುವುದು ಓಟವೊಂದೇ. ಓಟ ಬೇಕು, ಅದಿಲ್ಲದೆ ಗೇಟು ದಾಟಲಾಗದು. ಆದರೆ ಗೇಟು ದಾಟಿದ ಮರುದಿನದಿಂದ ನೀವು ಬದುಕಬೇಕಾದದ್ದು ತರಬೇತಿ ಕಂಪನಿಯಲ್ಲಿ, ಅಂದರೆ ಸೇನೆಯ ತರಬೇತಿ ತುಕಡಿಯಲ್ಲಿ, ಬೇರೆ ಬೇರೆ ಭಾಷೆ, ಊಟ, ಅಭ್ಯಾಸಗಳ ನೂರಾರು ಯುವಕರ ನಡುವೆ. ತರಬೇತಿಯಲ್ಲಿ ಎಡವುವವರಲ್ಲಿ ಹೆಚ್ಚಿನವರು ದೇಹಬಲ ಸಾಲದೆ ಎಡವುವುದಿಲ್ಲ, ಪಕ್ಕದವನೊಂದಿಗೆ ಹೊಂದಿಕೊಂಡು ನಡೆಯುವುದನ್ನು ಕಲಿಯದೆ ಎಡವುತ್ತಾರೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆದ್ದರಿಂದ ಈ ಕೈಪಿಡಿಯಲ್ಲಿ ನೇಮಕಾತಿಯ ಮಾತನ್ನು ಬೇಗ ಮುಗಿಸಿ, ಕಂಪನಿಯ ಬದುಕಿನ ಬಗ್ಗೆ ಹೆಚ್ಚು ಬರೆದಿದ್ದೇನೆ.

2022ರ ಜೂನ್ ತಿಂಗಳಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಡಿ ಸಿಪಾಯಿಗಳ (ಅಗ್ನಿವೀರರ) ನೇಮಕಾತಿ ನಾಲ್ಕು ವರ್ಷಗಳ ಅವಧಿಗೆ ನಡೆಯುತ್ತದೆ. 2023ರಿಂದ ಕಂಪ್ಯೂಟರ್ ಪರೀಕ್ಷೆ ಮೊದಲು, ರ್‍ಯಾಲಿ (ಮೈದಾನದಲ್ಲಿ ನಡೆಯುವ ದೈಹಿಕ ಪರೀಕ್ಷೆ) ಆಮೇಲೆ ಎಂಬ ಕ್ರಮ ಜಾರಿಯಲ್ಲಿದೆ. ಅರ್ಜಿಯನ್ನು ಸೇನೆಯ ಅಧಿಕೃತ ಜಾಲತಾಣದಲ್ಲೇ ಸಲ್ಲಿಸಬೇಕು. ಹಣ ಕೊಟ್ಟರೆ ಸೀಟು ಕೊಡಿಸುತ್ತೇನೆ ಎನ್ನುವವರನ್ನು ಮನೆಯ ಹೊಸ್ತಿಲಿಗೂ ಸೇರಿಸಬೇಡಿ. ಜನರಲ್ ಡ್ಯೂಟಿ ಹುದ್ದೆಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 45 ಹಾಗೂ ಪ್ರತಿ ವಿಷಯದಲ್ಲಿ ಶೇ. 33 ಅಂಕ ಬೇಕು, ಕರ್ನಾಟಕದವರಿಗೆ ಎತ್ತರ 166 ಸೆಂ.ಮೀ. ಇರಬೇಕು. ಯುವತಿಯರಿಗೆ ಮಿಲಿಟರಿ ಪೊಲೀಸ್ ದಳದಲ್ಲಿ ಅವಕಾಶವಿದ್ದು, ಆ ದಳದ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ವಯಸ್ಸಿನ ಮಿತಿ ಮತ್ತು ಅಂಕಗಳ ಹಂಚಿಕೆಯನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳುವುದು ಕ್ಷೇಮ, ಏಕೆಂದರೆ ಇವು ಬದಲಾಗುತ್ತಿರುತ್ತವೆ.

ನಮ್ಮ ಭಾಗದಲ್ಲಿ ಓಟಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹೆಸರು. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಸೇರಿರುತ್ತದೆ, ತಾಯಿಯ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುತ್ತದೆ. ಅರ್ಜಿ ಹಾಕುವುದಕ್ಕೆ ಕೆಲವು ತಿಂಗಳ ಮುಂಚೆಯೇ ಇವನ್ನೆಲ್ಲ ಒಂದೇ ರೀತಿಗೆ ತಿದ್ದಿಸಿಕೊಂಡು, ಜಾತಿ ಮತ್ತು ವಾಸಸ್ಥಳದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆದಿಟ್ಟುಕೊಳ್ಳಿ. ಹಚ್ಚೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮುಂಗೈಯ ಒಳಭಾಗ ಮತ್ತು ಹಸ್ತದ ಹಿಂಭಾಗ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆಯಿದ್ದರೆ ಬುಡಕಟ್ಟಿನವರಲ್ಲದ ಅಭ್ಯರ್ಥಿಗಳಿಗೆ ಅವಕಾಶವಿಲ್ಲ. ಊರ ಜಾತ್ರೆಯಲ್ಲಿ ಗೆಳೆಯರೆಲ್ಲ ಹಾಕಿಸಿಕೊಂಡರೆಂದು ತೋಳಿನ ಮೇಲೆ ಹಾಕಿಸಿಕೊಂಡರೆ ಅದನ್ನು ಅಳಿಸುವುದು ಸುಲಭವಲ್ಲ.

ರ್‍ಯಾಲಿಯಲ್ಲಿ 1,600 ಮೀಟರ್ ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಪೂರ್ತಿ 60 ಅಂಕ, ಹತ್ತು ಬೀಮ್ ಎಳೆದರೆ, ಅಂದರೆ ಕಂಬಿ ಹಿಡಿದು ಗಲ್ಲ ಅದರ ಮೇಲೆ ಬರುವಂತೆ ಹತ್ತು ಬಾರಿ ಮೈ ಎತ್ತಿದರೆ, 40 ಅಂಕ. ಒಂಬತ್ತು ಅಡಿಯ ಹಳ್ಳ ಹಾರುವುದು ಮತ್ತು ಅಂಕುಡೊಂಕು ದಿಮ್ಮಿಯ ಮೇಲೆ ನಡೆಯುವುದರಲ್ಲಿ ತೇರ್ಗಡೆಯಾದರೆ ಸಾಕು. 400 ಮೀಟರ್ ಟ್ರ್ಯಾಕಿನ ಲೆಕ್ಕದಲ್ಲಿ ಪ್ರತಿ ಸುತ್ತಿಗೆ 82 ಸೆಕೆಂಡು ಸಿಗುತ್ತದೆ. ಮೊದಲ ಸುತ್ತನ್ನು 70 ಸೆಕೆಂಡಿನಲ್ಲಿ ಮುಗಿಸಿ ಮೂರನೆಯ ಸುತ್ತಿನಲ್ಲಿ ಏದುಸಿರು ಬಿಡುತ್ತಾ ನಿಂತುಬಿಡುವುದು ಎಲ್ಲ ಮೈದಾನಗಳಲ್ಲೂ ಕಾಣುವ ತಪ್ಪು. ಆದ್ದರಿಂದ ವಾರಕ್ಕೆ ಎರಡು ದಿನ ಗಡಿಯಾರ ಹಿಡಿದು, 400 ಮೀಟರನ್ನು 80 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡುತ್ತಾ ಆರು ಬಾರಿ ಮಾಡಿ. ಉಳಿದ ದಿನಗಳಲ್ಲಿ ಮಾತನಾಡುತ್ತಾ ಓಡಬಲ್ಲಷ್ಟು ನಿಧಾನವಾಗಿ ಐದಾರು ಕಿಲೋಮೀಟರ್ ಓಡಿ. ಒಂದು ದಿನ ಪೂರ್ತಿ ವಿಶ್ರಾಂತಿ ಪಡೆಯಿರಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ತೊಡೆಯ ಬಲಕ್ಕೆ ಬಹಳ ಒಳ್ಳೆಯವು, ಆದರೆ ಇಳಿಯುವಾಗ ಓಡಿದರೆ ಮಂಡಿ ಹಾಳಾಗುತ್ತದೆ. ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ. ಮಂಡ್ಯ ಕಡೆಯವರು ನಾಲೆ ಏರಿಯ ಮೇಲೆ ಕತ್ತಲಲ್ಲಿ ಓಡುವುದನ್ನು ಬಿಡಬೇಕು, ಕಬ್ಬಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಓಡಾಡುವ ಕಾಲದಲ್ಲಂತೂ ಕಡ್ಡಾಯವಾಗಿ ಬಿಡಬೇಕು. ಒಂದೂ ಬೀಮ್ ಎಳೆಯಲಾಗದವರು ಕಟ್ಟೆಯ ಮೇಲೆ ನಿಂತು ಗಲ್ಲವನ್ನು ಕಂಬಿಯ ಮೇಲಕ್ಕೆ ತಂದುಕೊಂಡು, ಐದಾರು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಇಳಿಯುವುದನ್ನು ಅಭ್ಯಾಸ ಮಾಡಿದರೆ ತೋಳು ತಾನಾಗಿ ಬಲಗೊಳ್ಳುತ್ತದೆ.

ಇಷ್ಟೇ ಮುಖ್ಯವಾದ ಇನ್ನೊಂದು ತಯಾರಿ ಮನೆಯೊಳಗೆ ಆಗಬೇಕು. ನಿಮ್ಮ ಬಟ್ಟೆಯನ್ನು ನೀವೇ ಒಗೆದು ಇಸ್ತ್ರಿ ಮಾಡಿ, ಕಳಚಿದ ಗುಂಡಿಯನ್ನು ಹೊಲಿದು, ಬೂಟಿಗೆ ಪಾಲಿಶ್ ಹಾಕಿ, ಎದ್ದ ಕೂಡಲೇ ಹಾಸಿಗೆ ಮಡಚಿಡುವ ಅಭ್ಯಾಸವನ್ನು ಹೊರಡುವ ಮೂರು ತಿಂಗಳ ಮುಂಚೆಯೇ ರೂಢಿಸಿಕೊಳ್ಳಿ. ತಾಯಿ ಎಲ್ಲವನ್ನೂ ಮಾಡಿಕೊಟ್ಟ ಮನೆಯಿಂದ ಬಂದವನಿಗೆ ಬ್ಯಾರಕ್ಕಿನ ಮೊದಲ ವಾರ ಓಟಕ್ಕಿಂತ ಕಷ್ಟವೆನಿಸುತ್ತದೆ. ಮುದ್ದೆ, ಉಪ್ಸಾರು ಬಿಟ್ಟರೆ ಊಟವೇ ಅಲ್ಲವೆನ್ನುವವರು ಚಪಾತಿ, ದಾಲ್ ತಿಂದು ಹೊಟ್ಟೆ ತುಂಬಿಸಿಕೊಳ್ಳುವುದನ್ನೂ ಕಲಿಯಬೇಕು. ಹಿಂದಿಯೂ ಅಷ್ಟೇ: ಶಾಲೆಯ ಪಿ.ಟಿ. ಮೇಷ್ಟ್ರ ಸಾವಧಾನ್, ವಿಶ್ರಾಮ್‌ಗಳಷ್ಟು ಸಾಲದು. ವ್ಯಾಕರಣ ತಪ್ಪಿದರೂ ಪರವಾಗಿಲ್ಲ. ಹೇಳಿದ್ದು ಅರ್ಥವಾಗಬೇಕು, ಅರ್ಥವಾಗದಿದ್ದರೆ ಕೇಳುವ ಧೈರ್ಯವಿರಬೇಕು.

ಆಯ್ಕೆಯಾದವರನ್ನು ಯಾವ ಕೇಂದ್ರಕ್ಕೆ ಕಳಿಸುತ್ತಾರೆಂಬುದು ಅವರಿಗೆ ದೊರೆತ ದಳವನ್ನು ಅವಲಂಬಿಸಿದೆ. ಮದ್ರಾಸ್ ರೆಜಿಮೆಂಟಿನವರು ನೀಲಗಿರಿಯ ವೆಲ್ಲಿಂಗ್ಟನ್‌ಗೆ, ಮರಾಠಾ ಲಘು ಪದಾತಿದಳದವರು ಬೆಳಗಾವಿಗೆ, ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಬೆಂಗಳೂರಿಗೆ ಹೋಗುತ್ತಾರೆ. ಮೈಸೂರಿನವರಿಗೆ ಹೆಮ್ಮೆಯ ಸಂಗತಿಯೊಂದನ್ನು ಇಲ್ಲಿ ನೆನಪಿಸುತ್ತೇನೆ. ಮೈಸೂರು ಸಂಸ್ಥಾನದ ಪದಾತಿ ಪಡೆಯೇ ಸ್ವಾತಂತ್ರ್ಯಾನಂತರ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು, ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಹೋರಾಡಿತು. ಕೇಂದ್ರದಲ್ಲಿ ಊರು ಯಾವುದೆಂದು ಕೇಳಿದಾಗ ಇಷ್ಟನ್ನಾದರೂ ಹೇಳಬಲ್ಲವರಾಗಿರಬೇಕು.

ಪದಾತಿ ಕೇಂದ್ರಗಳಲ್ಲಿ ತರಬೇತಿ ಸುಮಾರು 31 ವಾರ ನಡೆಯುತ್ತದೆ. ಮೊದಲ ಹತ್ತು ವಾರಗಳಲ್ಲಿ ಪಿ.ಟಿ., ಡ್ರಿಲ್, ಆಯುಧದ ಮೂಲಪಾಠ. ಬಳಿಕ ಫೈರಿಂಗ್, ಮೈದಾನದ ಯುದ್ಧಕೌಶಲ, ರೂಟ್ ಮಾರ್ಚ್ (ಭಾರ ಹೊತ್ತು ದೂರ ನಡೆಯುವುದು), ರಾತ್ರಿಯ ಅಭ್ಯಾಸಗಳು. ಕಂಪನಿಯ ರಚನೆಯನ್ನು ಮೊದಲ ದಿನವೇ ತಿಳಿದುಕೊಳ್ಳುವುದು ಒಳ್ಳೆಯದು. ಹತ್ತು ಜನರ ಸುತ್ತಿನ ಒಂದು ಸೆಕ್ಷನ್, ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ಯುದ್ಧದ ಬೆಟಾಲಿಯನ್‌ನಲ್ಲಿ ಕಂಪನಿಯ ಮೇಲಿರುವವರು ಸಾಮಾನ್ಯವಾಗಿ ಮೇಜರ್ ಸಾಹೇಬರು. ಆದರೆ ದಿನದ ಶಿಸ್ತು ನೋಡಿಕೊಳ್ಳುವವರು ಕಂಪನಿ ಹವಾಲ್ದಾರ್ ಮೇಜರ್, ಸಾಮಾನು ಸರಂಜಾಮು ಕೊಡುವವರು ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ನಿಮ್ಮ ಕಷ್ಟ ಏನೇ ಇದ್ದರೂ ಮೊದಲು ಸೆಕ್ಷನ್ನಿನ ಉಸ್ತಾದರಿಗೆ (ತರಬೇತುದಾರರಿಗೆ) ಹೇಳಿ. ಅವರನ್ನು ದಾಟಿ ಮೇಲಕ್ಕೆ ಹೋದರೆ ಕೆಲಸವೂ ಆಗದು, ವಿಶ್ವಾಸವೂ ಉಳಿಯದು.

ಒಡನಾಟ ಹುಟ್ಟುವುದು ದೊಡ್ಡ ಮಾತುಗಳಿಂದಲ್ಲ, ಜೋಡಿಯಿಂದ. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನಿರುತ್ತಾನೆ; ಅವನ ಕಿಟ್ ಕಾಣೆಯಾದರೆ ನಿಮಗೂ ಅದರ ಪಾಲಿನ ಶಿಕ್ಷೆಯುಂಟು. ರೂಟ್ ಮಾರ್ಚಿನ ಹಿಂದಿನ ರಾತ್ರಿ ಏನು ಮಾಡಬೇಕೆಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಕಲಿತದ್ದು ಮುಂದೆ ಎಲ್ಲೆಡೆ ಉಪಯೋಗಕ್ಕೆ ಬರುತ್ತದೆ. ಕಾಲುಗುರು ನೇರವಾಗಿ ಕತ್ತರಿಸಿ. ಮೂಲೆಯನ್ನು ಆಳಕ್ಕೆ ಕತ್ತರಿಸಿದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ಕಾಲು ತೊಳೆದು, ಬೆರಳ ಸಂದುಗಳನ್ನು ಪೂರ್ತಿ ಒರೆಸಿ, ಪೌಡರ್ ಹಾಕಿ. ಹೊಸ ಕಾಲುಚೀಲ ಬೇಡ, ಒಮ್ಮೆಯಾದರೂ ಒಗೆದ ಜೊತೆಯನ್ನೇ ತೆಗೆದಿಡಿ, ಇನ್ನೊಂದು ಒಣ ಜೊತೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಪಿಟ್ಠುವಿನ (ಬೆನ್ನುಚೀಲದ) ಮೇಲ್ಭಾಗದಲ್ಲಿಡಿ. ಭಾರದ ವಸ್ತುಗಳು ಬೆನ್ನಿಗೆ ಅಂಟಿಕೊಂಡಂತೆ, ಎತ್ತರದಲ್ಲಿರಬೇಕು. ತಳದಲ್ಲಿಟ್ಟರೆ ಚೀಲ ಹಿಂದಕ್ಕೆ ಎಳೆಯುತ್ತದೆ. ಬೆಳಿಗ್ಗೆ ಚೀಲ ಹೊತ್ತ ಮೇಲೆ ನಿಮ್ಮ ಪಟ್ಟಿಗಳನ್ನು ಜೋಡಿ ನೋಡಲಿ, ಅವನ ಪಟ್ಟಿಗಳನ್ನು ನೀವು ನೋಡಿ. ಎರಡೂ ಭುಜದ ಪಟ್ಟಿಗಳ ಉದ್ದ ಒಂದೇ ಇದೆಯೇ, ನೀರಿನ ಬಾಟಲಿ ಅಲುಗಿ ಸದ್ದು ಮಾಡುತ್ತಿದೆಯೇ ಎಂದು ಸ್ಥಳದಲ್ಲೇ ಎರಡು ಸಲ ಕುಪ್ಪಳಿಸಿ ಪರೀಕ್ಷಿಸಿ. ದಾರಿಯಲ್ಲಿ ಹಿಮ್ಮಡಿ ಉರಿಯತೊಡಗಿದ ಕೂಡಲೇ, ಇನ್ನೂ ಕೆಂಪಗಿರುವಾಗಲೇ, ಜೋಡಿಗೆ ಹೇಳಿ, ನಿಲುಗಡೆ ಬಂದಾಗ ಟೇಪ್ ಹಾಕಿಸಿಕೊಳ್ಳಿ. ಮುಚ್ಚಿಟ್ಟುಕೊಂಡು ಬೊಬ್ಬೆ ಒಡೆದರೆ ಮುಂದಿನ ವಾರದ ಪಾಠಗಳೆಲ್ಲ ತಪ್ಪುತ್ತವೆ, ನಿಮ್ಮ ಭಾರ ಇನ್ನೊಬ್ಬನ ಹೆಗಲೇರುತ್ತದೆ.

ಸೆಕ್ಷನ್ನಿನಲ್ಲಿ ಯಾವಾಗಲೂ ಒಬ್ಬ ಹಿಂದೆ ಬೀಳುವವನಿರುತ್ತಾನೆ. ಅವನನ್ನು ಆಡಿಕೊಳ್ಳುವುದು ಸುಲಭ, ಅವನಿಂದ ಎಲ್ಲರಿಗೂ ರಗಡಾ (ಮೈ ದಣಿಸುವ ಶಿಕ್ಷೆ) ಬಿದ್ದಾಗ ಸಿಟ್ಟಾಗುವುದು ಇನ್ನೂ ಸುಲಭ. ಸಮಯ ಅಳೆಯುವ ಓಟಗಳಲ್ಲಿ ಅವನನ್ನು ಮಧ್ಯದಲ್ಲಿ ಓಡಿಸಿ, ಒಬ್ಬರು ಮುಂದೆ, ಒಬ್ಬರು ಪಕ್ಕದಲ್ಲಿ ಇರಿ. ಸಂಜೆ ಅರ್ಧ ಗಂಟೆ ಅವನೊಂದಿಗೆ ಹಗ್ಗ ಹತ್ತಿ. ಹಗ್ಗದಲ್ಲಿ ತೋಳಿನಿಂದ ಎಳೆದುಕೊಳ್ಳುವವನು ಅರ್ಧಕ್ಕೇ ಸೋಲುತ್ತಾನೆ, ಪಾದಗಳ ನಡುವೆ ಹಗ್ಗವನ್ನು ಬಿಗಿಹಿಡಿದು ಕಾಲಿನಿಂದ ಮೇಲಕ್ಕೆ ಒತ್ತಿಕೊಳ್ಳಬೇಕೆಂದು ಯಾರಾದರೂ ತೋರಿಸಿಕೊಟ್ಟರೆ ಆತ ಹತ್ತಿಬಿಡುತ್ತಾನೆ. ಇಂದು ಹಗ್ಗದಲ್ಲಿ ನೀವು ಎತ್ತಿದವನೇ ನಾಳೆ ನಕ್ಷೆ ಓದುವ ಪಾಠದಲ್ಲಿ ನಿಮಗೆ ದಾರಿ ತೋರಿಸುವವನಾಗಿರಬಹುದು.

ಮೊದಲ ಫೈರಿಂಗ್ ಎಲ್ಲರೂ ನೆನಪಿಟ್ಟುಕೊಳ್ಳುವ ಮೈಲಿಗಲ್ಲು. ಇಲ್ಲಿ ನಮ್ಮ ಹುಡುಗರು ಗುರಿಯ ನಡುವಿಗೆ ಹೊಡೆಯುವ ಹಟದಲ್ಲಿ ಕೆಡುತ್ತಾರೆ. ಮೊದಲು ಬೇಕಾದದ್ದು ಗ್ರೂಪಿಂಗ್, ಅಂದರೆ ಐದೂ ಗುಂಡುಗಳು ಗುರಿಹಲಗೆಯ ಎಲ್ಲಿಯೇ ಆಗಲಿ ಒಂದರ ಪಕ್ಕ ಒಂದು ಬೀಳುವುದು. ಗುಂಡುಗಳು ಒತ್ತಾಗಿ ಬಿದ್ದಿದ್ದರೆ ನಿಮ್ಮ ಹಿಡಿತ, ಉಸಿರು ಸರಿಯಾಗಿವೆ ಎಂದರ್ಥ. ಉಳಿದದ್ದನ್ನು ರೈಫಲ್ಲಿನ ಸೈಟ್ (ಗುರಿ ನೋಡುವ ಭಾಗ) ತಿದ್ದಿ ಸರಿಪಡಿಸಬಹುದು. ಚದುರಿ ಬಿದ್ದಿದ್ದರೆ ಯಾವ ಸೈಟೂ ಕಾಪಾಡದು. ಉಸಿರನ್ನು ಅರ್ಧ ಬಿಟ್ಟು ತಡೆದು, ಟ್ರಿಗರನ್ನು ಜಗ್ಗದೆ ಒತ್ತುವ ಅಭ್ಯಾಸವನ್ನು ಉಸ್ತಾದರ ಸಮ್ಮುಖದಲ್ಲಿ ಖಾಲಿ ರೈಫಲ್ಲಿನಿಂದ ಎಷ್ಟು ಮಾಡಿದರೂ ಹೆಚ್ಚಲ್ಲ. ಇದರ ಬಳಿಕ ಬರುವ ದೊಡ್ಡ ಪರೀಕ್ಷೆ ಬಿಪಿಇಟಿ (ಯುದ್ಧಕ್ಕೆ ಬೇಕಾದ ದೈಹಿಕ ಸಾಮರ್ಥ್ಯದ ಪರೀಕ್ಷೆ): ಆಯುಧ ಮತ್ತು ಚೀಲದೊಂದಿಗೆ ಐದು ಕಿಲೋಮೀಟರ್ ಓಟ, 60 ಮೀಟರ್ ವೇಗದ ಓಟ, ಎರಡು ಬಗೆಯ ಹಗ್ಗ, ಒಂಬತ್ತು ಅಡಿಯ ಹಳ್ಳ.

ಮನೆಯವರಿಗೂ ಒಂದು ಕೋರಿಕೆಯಿದೆ. ತರಬೇತಿಯಲ್ಲಿ ಫೋನ್ ಬೇಕೆಂದಾಗ ಸಿಗದು. ವಾರಕ್ಕೊಮ್ಮೆ ಮಗ ಮಾತನಾಡುವ ಆ ಕೆಲವು ನಿಮಿಷಗಳಲ್ಲಿ ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಾಕಿ, ದಾಯಾದಿಗಳ ಜಗಳ, ಸಾಲಗಾರರ ಕಾಟ ಇವನ್ನೆಲ್ಲ ಹೇಳಿಕೊಂಡರೆ ಅಲ್ಲಿಂದ ಅವನು ಏನನ್ನೂ ಮಾಡಲಾರ, ರಾತ್ರಿಯೆಲ್ಲ ಕೊರಗುತ್ತಾನೆ. ಕಾಯಿಲೆಯಂಥ ನಿಜವಾದ ತುರ್ತಿದ್ದರೆ ಅವನಿಗೊಬ್ಬನಿಗೇ ಹೇಳದೆ ಕಂಪನಿಗೆ ತಿಳಿಸಿ, ರಜೆಯ ವ್ಯವಸ್ಥೆಯನ್ನು ಅವರು ಮಾಡುತ್ತಾರೆ.

ತರಬೇತಿಯ ಕೊನೆಯಲ್ಲಿ ಕಸಮ್ ಪರೇಡ್. ರಾಷ್ಟ್ರಧ್ವಜ ಮತ್ತು ತಮ್ಮ ತಮ್ಮ ಧರ್ಮಗ್ರಂಥಗಳ ಸಾಕ್ಷಿಯಾಗಿ ಪ್ರತಿಜ್ಞೆ ಸ್ವೀಕರಿಸಿದ ಮೇಲೆ ಪ್ರಶಿಕ್ಷಣಾರ್ಥಿಯು ಸೈನಿಕನಾಗುತ್ತಾನೆ, ತಂದೆತಾಯಿಗಳಿಗೆ ಗೌರವ ಪದಕ ನೀಡಲಾಗುತ್ತದೆ. ಹೋಗಲು ಸಾಧ್ಯವಿರುವ ಯಾವ ತಂದೆತಾಯಿಯೂ ಇದನ್ನು ತಪ್ಪಿಸಬಾರದು. ಮೈಸೂರಿನಿಂದ ವೆಲ್ಲಿಂಗ್ಟನ್‌ಗೆ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ, ಕೂನೂರು ದಾರಿಯಾಗಿ ಹೋಗುವವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ನೆನಪಿಡಬೇಕು. ಪರೇಡ್ ಬೆಳಿಗ್ಗೆಯೇ ನಡೆಯುವುದರಿಂದ ಹಿಂದಿನ ಮಧ್ಯಾಹ್ನವೇ ಹೊರಟು ಅಲ್ಲಿ ತಂಗುವುದು ಸರಿ. ಸ್ವಂತ ವಾಹನಕ್ಕೆ ನೀಲಗಿರಿಯ ಇ-ಪಾಸ್ ಮಾಡಿಸಿಕೊಳ್ಳಿ, ವಯಸ್ಸಾದವರಿಗೆ ಸ್ವೆಟರ್, ಶಾಲು ಇರಲಿ, ಎಲ್ಲರ ಗುರುತಿನ ಚೀಟಿಯೂ ಇರಲಿ.

ಬೆಟಾಲಿಯನ್ ಸೇರಿದ ಮೇಲೆ ಆರಂಭವಾಗುವ ಕಷ್ಟ ಬೇರೆ ಬಗೆಯದು. ನಾಲ್ಕು ವರ್ಷ ಮುಗಿದಾಗ ಗರಿಷ್ಠ ಶೇ. 25ರಷ್ಟು ಅಗ್ನಿವೀರರನ್ನು ಮಾತ್ರ ಕಾಯಂ ಸೇವೆಗೆ ಉಳಿಸಿಕೊಳ್ಳುವುದರಿಂದ, ಒಂದೇ ತಟ್ಟೆಯಲ್ಲಿ ಉಂಡ ಜೋಡಿಯೇ ಸ್ಪರ್ಧಿಯೂ ಆಗಿರುತ್ತಾನೆ. ತನಗೆ ತಿಳಿದದ್ದನ್ನು ಪಕ್ಕದವನಿಂದ ಬಚ್ಚಿಡುವ ಆಸೆ ಇಲ್ಲಿ ಮೂಡುವುದು ಸಹಜ, ಆದರೆ ಅದು ತಪ್ಪು ಲೆಕ್ಕ. ಫೈರಿಂಗ್, ದೈಹಿಕ ಪರೀಕ್ಷೆಗಳ ಅಂಕ ನಿಮ್ಮವೇ, ಅವನ್ನು ಯಾರೂ ಕಸಿಯಲಾರರು. ಒಬ್ಬನನ್ನು ನಂಬಿ ಸೆಕ್ಷನ್ ಒಪ್ಪಿಸಬಹುದೇ ಎಂಬುದನ್ನು ಮೇಲಿನವರು ತಿಂಗಳುಗಟ್ಟಲೆ ಗಮನಿಸುತ್ತಿರುತ್ತಾರೆ, ಬಚ್ಚಿಡುವವನನ್ನು ಗುರುತಿಸಲು ಅವರಿಗೆ ಹೆಚ್ಚು ದಿನ ಬೇಕಾಗದು. ಕಂಪನಿಗಳ ನಡುವಿನ ಕ್ರಾಸ್ ಕಂಟ್ರಿ, ಬಾಕ್ಸಿಂಗ್, ಫೈರಿಂಗ್ ಸ್ಪರ್ಧೆಗಳಿಗೆ ಹೆಸರು ಕೊಡಿ. ತಂಡದಲ್ಲಿ ಆಯ್ಕೆಯಾಗದಿದ್ದರೂ ಅಭ್ಯಾಸಕ್ಕೆ ಹೋಗಿ. ಬಡಾಖಾನಾದಲ್ಲಿ ಅಧಿಕಾರಿಗಳೂ ಜವಾನರೂ ಒಟ್ಟಿಗೆ ಕೂತು ಉಣ್ಣುವ ದಿನ ಮೂಲೆ ಹಿಡಿಯಬೇಡಿ.

ಹಣದ ವಿಷಯದಲ್ಲಿ, ಪ್ರತಿ ತಿಂಗಳು ಸಂಬಳದ ಶೇ. 30 ಸೇವಾನಿಧಿಗೆ ಕಡಿತವಾಗುತ್ತದೆ, ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ, ಅವಧಿ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಕೈಗೆ ಬರುತ್ತದೆ. ಅದನ್ನು ನಂಬಿ ಮೊದಲ ರಜೆಯಲ್ಲೇ ಸಾಲ ಮಾಡಿ ಬೈಕು ಕೊಳ್ಳಬೇಡಿ. ಮೂರನೆಯ ವರ್ಷ ಆರಂಭವಾಗುತ್ತಿದ್ದಂತೆ ನಿಮ್ಮ ಫೈರಿಂಗ್ ಮತ್ತು ಬಿಪಿಇಟಿ ದಾಖಲೆಗಳಲ್ಲಿ ಯಾವುದು ಹಿಂದುಳಿದಿದೆ ಎಂದು ಪ್ಲಟೂನ್ ಹವಾಲ್ದಾರರ ಬಳಿ ಕೇಳಿ ತಿಳಿದು, ಅದನ್ನು ಸುಧಾರಿಸಿಕೊಳ್ಳಲು ಉಳಿದ ಸಮಯವನ್ನು ಬಳಸಿ. ಜೊತೆಗೆ ದೂರಶಿಕ್ಷಣದಲ್ಲಿ ಪಿಯುಸಿ ಅಥವಾ ಪದವಿಗೆ ನೋಂದಾಯಿಸಿಕೊಂಡು, ಅದರ ಪರೀಕ್ಷೆಯ ದಿನಾಂಕಗಳಿಗೆ ತಕ್ಕಂತೆ ವಾರ್ಷಿಕ 30 ದಿನಗಳ ರಜೆಯನ್ನು ಮೊದಲೇ ಕೇಳಿಕೊಳ್ಳಿ.