ಡ್ರಾಫ್ಟ್‌ನಲ್ಲಿ ಮೇಲಿನ ಸರದಿಗೆ ಜಿಗಿಯಬೇಕೇ? ನಾನು ಲೆಕ್ಕ ಹಾಕುವ ಬಗೆ

ನಾನು ಇರುವುದು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ. ಕೆಲಸ ಬ್ಯಾಂಕಿನಲ್ಲಿ, ಸಾಲದ ಅಪಾಯ ಅಳೆಯುವ ವಿಭಾಗದಲ್ಲಿ. ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದ್ದು ಈ ಊರಿಗೆ ಬಂದ ಮೇಲೆ, ಕ್ಯಾರೊಲೈನಾ ಪ್ಯಾಂಥರ್ಸ್ ತಂಡದ ದೆಸೆಯಿಂದ. ಪ್ರತಿ ವರ್ಷ ಏಪ್ರಿಲ್ ಕೊನೆಗೆ ಎನ್‌ಎಫ್‌ಎಲ್ (ಈ ಆಟದ ಮುಖ್ಯ ಲೀಗ್) ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸಂದರ್ಭ, ಬಂತೆಂದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಹಾಳೆ ತೆರೆದಿರುತ್ತದೆ. ಯಾವುದಾದರೂ ತಂಡ ತನ್ನ ಸರದಿ ಬಿಟ್ಟು ಮೇಲಿನ ಸರದಿ ಕೊಂಡಿತು ಎಂಬ ಸುದ್ದಿ ಬಂದ ತಕ್ಷಣ ಆ ವ್ಯವಹಾರ ಹಾಳೆಗೆ ಏರುತ್ತದೆ. ಹಲವು ಗೆಳೆಯರು ಕೇಳಿದ್ದರಿಂದ ಆ ಹಾಳೆ ಹೇಗೆ ಕೆಲಸ ಮಾಡುತ್ತದೆಂದು ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಐಪಿಎಲ್‌ನಂತೆ ಇಲ್ಲಿ ಹರಾಜಿಲ್ಲ. 32 ತಂಡಗಳು, ಏಳು ಸುತ್ತು. ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ತಂಡ ಕಾಲೇಜು ಆಟಗಾರರಲ್ಲಿ ಮೊದಲು ಆರಿಸಿಕೊಳ್ಳುತ್ತದೆ, ಗೆದ್ದ ತಂಡ ಸುತ್ತಿನ ಕೊನೆಯಲ್ಲಿ. ಈ ಸರದಿಗಳನ್ನು ತಂಡಗಳು ಪರಸ್ಪರ ಕೊಟ್ಟು ಕೊಳ್ಳಬಹುದು. ಮುಂದಿನ ವರ್ಷಗಳ ಸರದಿಯನ್ನೂ ಕೊಡಬಹುದು. ಎಡವಟ್ಟು ಹುಟ್ಟುವುದೇ ಅಲ್ಲಿ.

ನನ್ನ ಹಾಳೆಯ ಮೊದಲ ಅಂಕಣ ಎಲ್ಲರಿಗೂ ಗೊತ್ತಿರುವ ಹಳೆಯ ಪಟ್ಟಿ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಪಾಲುದಾರ ಮೈಕ್ ಮೆಕಾಯ್ ಇದನ್ನು ತಯಾರಿಸಿದರು. ತರಬೇತುದಾರ ಜಿಮ್ಮಿ ಜಾನ್ಸನ್ ಅವರ ಹೆಸರಿನಲ್ಲಿ ಇದು ಉಳಿದುಕೊಂಡಿದೆ. ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಮೂರನೆಯದಕ್ಕೆ 2200, ಹತ್ತನೆಯದಕ್ಕೆ 1300, 32ನೆಯದಕ್ಕೆ 590. ಆಟಗಾರರು ಎಷ್ಟು ಚೆನ್ನಾಗಿ ಆಡಿದರು ಎಂಬುದನ್ನು ಈ ಪಟ್ಟಿ ಅಳೆಯುವುದಿಲ್ಲ. ಆಗ ತಂಡಗಳು ಯಾವ ಬೆಲೆಗೆ ವ್ಯವಹಾರ ಮಾಡುತ್ತಿದ್ದವೋ ಅದನ್ನು ಮಾತ್ರ ಹೇಳುತ್ತದೆ. ಆದ್ದರಿಂದ ಇದನ್ನು ನಾನು ಪೇಟೆಯ ದರವೆಂದು ಇಟ್ಟುಕೊಳ್ಳುತ್ತೇನೆ, ನಿಜವಾದ ಮೌಲ್ಯವೆಂದು ಅಲ್ಲ.

ನಿಜವಾದ ಮೌಲ್ಯದ ಬಗ್ಗೆ ನನ್ನ ಕಣ್ಣು ತೆರೆಸಿದ್ದು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ 2005ರಲ್ಲಿ ಹೊರತಂದ ಅಧ್ಯಯನ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ನಂತರದವನಿಗಿಂತ ಉತ್ತಮನಾಗುವ ಸಾಧ್ಯತೆ ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೇ. ಅಂದರೆ ‘ಇವನೇ ಬೇಕು’ ಎಂದು ಜಿಗಿಯುವವರು ತಮ್ಮ ಕಣ್ಣನ್ನು ಅತಿಯಾಗಿ ನಂಬುತ್ತಿದ್ದಾರೆ. ಸಂಬಳವನ್ನೂ ಸೇರಿಸಿ ನೋಡಿದರೆ ತಂಡಕ್ಕೆ ಅತಿ ಹೆಚ್ಚು ಲಾಭ ಎರಡನೆಯ ಸುತ್ತಿನ ಆರಂಭದ ಸರದಿಗಳಲ್ಲಿದೆ ಎಂದೂ ಅವರು ತೋರಿಸಿದರು. 2011ರ ಒಪ್ಪಂದದಿಂದ ಹೊಸ ಆಟಗಾರರ ಸಂಬಳಕ್ಕೆ ಮಿತಿ ಬಂದದ್ದರಿಂದ ಮೇಲಿನ ಸರದಿಗಳು ಮೊದಲಿನಷ್ಟು ದುಬಾರಿಯಲ್ಲ. ಹಾಗಿದ್ದರೂ ಮೊದಲ ಮಾತು ಹಾಗೆಯೇ ನಿಲ್ಲುತ್ತದೆ.

ಈಗ ಎರಡನೆಯ ಅಂಕಣ. ನಾನೇ ಸೇರಿಸಿಕೊಂಡದ್ದು ಇದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ತಂಡಗಳಲ್ಲಿ ಒಂದು ರೂಢಿಯಿದೆ: ಮುಂದಿನ ವರ್ಷದ ಮೊದಲ ಸುತ್ತಿನ ಸರದಿ ಕೊಟ್ಟರೆ ಅದನ್ನು ಈ ವರ್ಷದ ಎರಡನೆಯ ಸುತ್ತಿನದಕ್ಕೆ ಸಮ ಎಂದು ಹಿಡಿಯುತ್ತಾರೆ. ನಾನು ಆ ರಿಯಾಯಿತಿ ಕೊಡುವುದಿಲ್ಲ. ಪೂರ್ತಿ ಬೆಲೆ ಹಾಕುತ್ತೇನೆ. ಜೊತೆಗೆ ತಂಡ ಕಳಪೆಯಾಗಿ ಆಡಿದರೆ ಆ ಸರದಿ ಎಲ್ಲಿ ಬೀಳುತ್ತದೆ ಎಂದು ಇನ್ನೊಂದು ಅಂಕಿ ಬರೆಯುತ್ತೇನೆ. ಬ್ಯಾಂಕಿನಲ್ಲಿ ನಾವು ಅತಿ ಹೆಚ್ಚು ಹೆದರುವ ಸಾಲ ಯಾವುದೆಂದರೆ, ಸಾಲಗಾರ ಮುಳುಗುವ ಹೊತ್ತಿಗೇ ನಮಗೆ ಬರಬೇಕಾದ ಬಾಕಿಯೂ ಬೆಳೆದಿರುವಂಥದ್ದು. ಮುಂದಿನ ವರ್ಷದ ಸರದಿ ಕೊಡುವುದೂ ಅಂಥದ್ದೇ. ತಂಡ ಸೋತಷ್ಟೂ ಕೊಟ್ಟು ಬಿಟ್ಟದ್ದರ ಬೆಲೆ ಏರುತ್ತದೆ.

2023ರ ಮಾರ್ಚ್‌ನಲ್ಲಿ ಪ್ಯಾಂಥರ್ಸ್ ಒಂಬತ್ತನೆಯ ಸರದಿಯಿಂದ ಮೊದಲನೆಯದಕ್ಕೆ ಜಿಗಿಯಿತು. ಶಿಕಾಗೊ ಬೇರ್ಸ್‌ಗೆ ಕೊಟ್ಟದ್ದು ಆ ವರ್ಷದ 9 ಮತ್ತು 61ನೆಯ ಸರದಿ, 2024ರ ಮೊದಲ ಸುತ್ತು, 2025ರ ಎರಡನೆಯ ಸುತ್ತು, ಮೇಲಾಗಿ ತಂಡದ ಅತ್ಯುತ್ತಮ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಡಿ.ಜೆ. ಮೂರ್. ಅಂದು ಸಂಜೆ ನಮ್ಮ ಪಕ್ಕದ ಬೀದಿಯ ಗೆಳೆಯರೊಬ್ಬರು, ಹಾಸನದವರು, ಸಂಭ್ರಮದಿಂದ ಫೋನ್ ಮಾಡಿದರು. “ಕ್ವಾರ್ಟರ್‌ಬ್ಯಾಕ್ ಇಲ್ಲದೆ ತಂಡ ಕಟ್ಟುವುದು ಹೇಗೆ ಸರ್? ಏನು ಕೊಟ್ಟರೂ ಕಡಿಮೆಯೇ” ಎಂದರು. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ. ಅವರ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಳೆಯನ್ನು ಅವರೊಂದಿಗೆ ಫೋನಿನಲ್ಲೇ ತುಂಬಿದೆ. 9ಕ್ಕೆ 1350, 61ಕ್ಕೆ 292. ಹಿಂದಿನ ಋತುವಿನಲ್ಲಿ ತಂಡ 7 ಗೆದ್ದು 10 ಸೋತಿತ್ತು. ಮುಂದಿನ ವರ್ಷವೂ ಅಷ್ಟೇ ಆಡಿದರೆ 2024ರ ಸರದಿ ಮತ್ತೆ ಒಂಬತ್ತರ ಆಸುಪಾಸು, ಇನ್ನೊಂದು 1350. ಕೂಡಿದರೆ 2992. ಮೊದಲ ಸರದಿಯ ಬೆಲೆ 3000. ಅಲ್ಲಿಗೇ ಲೆಕ್ಕ ಮುಗಿಯಿತಲ್ಲ! ಮೂರ್ ಮತ್ತು 2025ರ ಎರಡನೆಯ ಸುತ್ತು ಮೇಲಿಂದ ಕೊಟ್ಟ ಕೊಡುಗೆ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಪ್ಯಾಂಥರ್ಸ್ 2 ಗೆದ್ದು 15 ಸೋತಿತು. ಕೊಟ್ಟ ಸರದಿ ಇಡೀ ಡ್ರಾಫ್ಟ್‌ನ ಮೊದಲನೆಯದಾಯಿತು, ಬೇರ್ಸ್ ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್‌ರನ್ನು ತೆಗೆದುಕೊಂಡಿತು. 2025ರದು 39ನೆಯದಾಗಿ ಬಿತ್ತು, 510 ಅಂಕ. ಒಟ್ಟು 5152 ಮತ್ತು ಮೂರ್, 3000ಕ್ಕೆ. ಆ ವರ್ಷ ಮೂರ್ ಬೇರ್ಸ್ ಪರ 1364 ಗಜ ಗಳಿಸಿದರು. ಇತ್ತ ಆ ಮೊದಲ ಸರದಿಯಲ್ಲಿ ತಂದ ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ 62 ಬಾರಿ ಚೆಂಡು ಕೈಯಲ್ಲಿರುವಾಗಲೇ ಎದುರಾಳಿಗಳಿಂದ ನೆಲಕ್ಕೆ ಕೆಡವಿಸಿಕೊಂಡರು. ಆ ಹುಡುಗನನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಸೆಯುವವನನ್ನು ತರಲು ಹಿಡಿಯುವವನನ್ನು ಕೊಟ್ಟು ಕಳಿಸಿದರೆ ಎಸೆದ ಚೆಂಡು ಯಾರ ಕೈಗೆ ಹೋಗಬೇಕು? ಎರಡನೆಯ ಸರದಿಯಲ್ಲಿ ಹೂಸ್ಟನ್ ಆರಿಸಿದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಆ ವರ್ಷದ ಅತ್ಯುತ್ತಮ ಹೊಸ ಆಕ್ರಮಣಕಾರ ಆಟಗಾರ ಪ್ರಶಸ್ತಿ ಪಡೆದರು. ಥೇಲರ್ ಮತ್ತು ಮ್ಯಾಸಿ ಹೇಳಿದ ಅನಿಶ್ಚಿತತೆ ಎಂದರೆ ಇದೇ.

ಹಾಗಾದರೆ ಜಿಗಿಯಲೇಬಾರದೇ? ಜಿಗಿಯಬಹುದು. 2017ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗಾಗಿ 27ರಿಂದ 10ಕ್ಕೆ ಏರಿತು. ಕೊಟ್ಟದ್ದು 27, 91 ಮತ್ತು ಮುಂದಿನ ವರ್ಷದ ಮೊದಲ ಸುತ್ತು. ಅವರು 12 ಪಂದ್ಯ ಗೆದ್ದು ಬಂದಿದ್ದ ತಂಡ, ಅನುಭವಿ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಅವರಲ್ಲಿದ್ದರು. ಆದ್ದರಿಂದ ಕೊಟ್ಟ ಸರದಿ 22ನೆಯದಾಗಿ ಬಿತ್ತು. ಒಟ್ಟು 1596, 1300ಕ್ಕೆ.

ನನ್ನ ಅಂಕಣವನ್ನು ಇನ್ನೂ ಚೆನ್ನಾಗಿ ವಿವರಿಸುವುದು ಸ್ಯಾನ್ ಫ್ರಾನ್ಸಿಸ್ಕೊ. 2021ರಲ್ಲಿ 12ರಿಂದ 3ಕ್ಕೆ ಏರಲು ಮುಂದಿನ ಎರಡು ವರ್ಷಗಳ ಮೊದಲ ಸುತ್ತುಗಳನ್ನೂ ಒಂದು ಮೂರನೆಯ ಸುತ್ತನ್ನೂ ಕೊಟ್ಟರು. ತಂದ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಅಲ್ಲಿ ಆರಂಭಿಕನಾಗಿ ಆಡಿದ್ದು ನಾಲ್ಕೇ ಪಂದ್ಯ. ಆಯ್ಕೆ ಕೈಗೂಡಲಿಲ್ಲ. ಆದರೆ ಉಳಿದ ತಂಡ ಗಟ್ಟಿಯಾಗಿತ್ತು. ಕೊಟ್ಟ ಎರಡೂ ಸರದಿಗಳು 29ನೆಯವಾಗಿ ಬಿದ್ದು ಒಟ್ಟು ಬೆಲೆ 2572ಕ್ಕೆ ನಿಂತಿತು, 2200ರ ಸರದಿಗೆ. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಸರದಿಯಲ್ಲಿ ಬಂದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಆ ತಂಡವನ್ನು ಸೂಪರ್ ಬೌಲ್‌ಗೆ (ಲೀಗಿನ ಅಂತಿಮ ಪಂದ್ಯ) ಕೊಂಡೊಯ್ದರು.

ಅದಕ್ಕೇ ನನ್ನ ಮೂರನೆಯ ಅಂಕಣದಲ್ಲಿ ಆಟಗಾರನ ಹೆಸರಿಲ್ಲ. ಕೊಡುವ ತಂಡದಲ್ಲಿ ಚೆಂಡು ಎಸೆಯುವವನಿಗೆ ರಕ್ಷಣೆ ಒದಗಿಸುವ ಸಾಲು ಹೇಗಿದೆ, ಹಿಡಿಯುವವರು ಯಾರು, ತರಬೇತುದಾರರ ಮೊದಲ ವರ್ಷವೇ ಎಂದು ಬರೆಯುತ್ತೇನೆ. ಕ್ವಾರ್ಟರ್‌ಬ್ಯಾಕ್ ಬಿಟ್ಟು ಬೇರೆ ಸ್ಥಾನಕ್ಕಾಗಿ ಮುಂದಿನ ವರ್ಷದ ಮೊದಲ ಸುತ್ತು ಕೊಟ್ಟರೆ ಕೆಂಪು ಗುರುತು. ಕ್ವಾರ್ಟರ್‌ಬ್ಯಾಕ್‌ಗೆ ವಿನಾಯಿತಿ ಏಕೆಂದರೆ ಹಣ. ಯಂಗ್ ಅವರ ನಾಲ್ಕು ವರ್ಷದ ಒಪ್ಪಂದ ಸುಮಾರು 3.8 ಕೋಟಿ ಡಾಲರ್. ಅದೇ 2023ರಲ್ಲಿ ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಜೋ ಬರೋ ವರ್ಷಕ್ಕೆ 5.5 ಕೋಟಿಯ ಒಪ್ಪಂದ ಮಾಡಿಕೊಂಡರು. ಆ ಉಳಿತಾಯದಲ್ಲಿ ಇನ್ನೂ ಹಲವು ಒಳ್ಳೆಯ ಆಟಗಾರರನ್ನು ತರಬಹುದು.

ನನ್ನ ಹಾಳೆಯಲ್ಲಿ ಹಸಿರು ಗುರುತು ಪಡೆದ ವ್ಯವಹಾರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಬಾಲ್ಟಿಮೋರ್‌ನದು. 2018ರಲ್ಲಿ ಅವರು ಮೊದಲ ಸುತ್ತಿನ ಕೊನೆಯವರೆಗೂ ಕಾದು, 52ರಿಂದ 32ಕ್ಕೆ ಏರಿ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್‌ರನ್ನು ತಂದರು. ಮುಂದಿನ ವರ್ಷದಿಂದ ಕೊಟ್ಟದ್ದು ಒಂದು ಎರಡನೆಯ ಸುತ್ತು ಮಾತ್ರ. ಮೊದಲ ಸುತ್ತನ್ನು ಮುಟ್ಟಲಿಲ್ಲ. ಮರುವರ್ಷ ಜಾಕ್ಸನ್ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರರಾದರು. ಅವರು ವಿಫಲರಾಗಿದ್ದರೂ ಬಾಲ್ಟಿಮೋರ್ ಮಾರನೆಯ ಏಪ್ರಿಲ್‌ನಲ್ಲಿ ತನ್ನದೇ ಮೊದಲ ಸುತ್ತಿನ ಸರದಿ ಹಿಡಿದು ಕುಳಿತಿರುತ್ತಿತ್ತು.